ವೇದ ಕ್ಲಾಸಾ, ಮ್ಯಾಥ್ಸಾ: ಯಹೂದಿಗಳು ಏನ್ ಮಾಡ್ತಾರೆ ನೋಡಿ

ನಮ್ಮ ಗ್ರೂಪಲ್ಲಿ ಒಬ್ರು ಮೇಡಂ ಕೇಳಿದ್ರು, ಮಗನ್ನ ವೇದ ಕ್ಲಾಸಿಗೆ ಹಾಕಿದ್ರೆ ಮ್ಯಾಥ್ಸು ಹಿಂದೆ ಬೀಳತ್ತಾ ಅಂತ. ಧರ್ಮದ ಓದಾ, ಹೊಟ್ಟೆಪಾಡಿನ ಓದಾ ಅನ್ನೋ ಇದೇ ವಿಷ್ಯಕ್ಕೆ ಯಹೂದಿಗಳು ಎರಡು ಸಾವಿರ ವರ್ಷದಿಂದ ಕಿತ್ತಾಡ್ತಾ ಇದಾರೆ. ಇಲ್ಲಿ ನ್ಯೂಜೆರ್ಸಿಲಿ ನಮ್ಮ ಸುತ್ತಮುತ್ತ ಆರ್ಥೊಡಾಕ್ಸ್ (ಸಂಪ್ರದಾಯಸ್ಥ) ಯಹೂದಿ ಮನೆಗಳು ಬೇಕಾದಷ್ಟಿವೆ, ಹಾಗಾಗಿ ಸ್ವಲ್ಪ ಓದ್ಕೊಂಡೆ.

ಅಪ್ಪ ಆದೋನು ಮಗನಿಗೆ ತೋರಾ (ಯಹೂದಿಗಳ ಧರ್ಮಗ್ರಂಥ) ಕಲಿಸ್ಬೇಕು, ಮದ್ವೆ ಮಾಡಿಸ್ಬೇಕು, ಒಂದು ಕಸುಬು ಕಲಿಸ್ಬೇಕು, ಕೆಲವ್ರ ಪ್ರಕಾರ ಈಜೂ ಕಲಿಸ್ಬೇಕು ಅಂತ ತಾಲ್ಮುಡ್‌ನಲ್ಲೇ (ಹಳೇ ಗುರುಗಳ ಚರ್ಚೆಗಳ ದೊಡ್ಡ ಗ್ರಂಥ) ಇದೆ. ಕಸುಬು ಕಲಿಸ್ದೇ ಇದ್ರೆ ಕಳ್ಳತನ ಕಲಿಸ್ದಂಗೆ ಅಂತಾರೆ ಅದ್ರಲ್ಲಿ ರಬ್ಬಿ (ಅಂದ್ರೆ ಗುರು) ಯೆಹೂದಾ. ಹಿಟ್ಟಿಲ್ದೆ ತೋರಾ ಇಲ್ಲ, ತೋರಾ ಇಲ್ದೆ ಹಿಟ್ಟಿಲ್ಲ ಅನ್ನೋ ಮಾತು ರಬ್ಬಿ ಎಲಾಜಾರ್ ಬೆನ್ ಅಜರ್ಯಾ ಅವ್ರದ್ದು. ದೊಡ್ಡ ಯಹೂದಿ ಪಂಡಿತ ಮೈಮೊನಿಡೀಸ್ (1138-1204) ಅಂತೂ, ದುಡೀದೆ ದಾನದ ಮೇಲೆ ಬದುಕ್ಕೊಂಡು ತೋರಾ ಓದ್ತೀನಿ ಅನ್ನೋನು ದೇವರ ಹೆಸರು ಕೆಡಿಸ್ತಾನೆ ಅಂತ ಬರೆದುಬಿಟ್ರು. ಅವ್ರ ತಮ್ಮ ದಾವೀದ್ ವ್ಯಾಪಾರ ಮಾಡಿ ಮನೆ ನಡೆಸ್ತಿದ್ದ, ಅವನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಹೋದ್ಮೇಲೆ ಇವ್ರು ಈಜಿಪ್ಟಲ್ಲಿ ವೈದ್ಯ ಆಗಿ ದುಡಿದ್ರು.

ನಮ್ಮ ಮಂಗಳೂರಿಗೂ ಇದರ ನಂಟಿದೆ ಗೊತ್ತಾ? 1130-40ರ ದಶಕದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ಟುನೀಷಿಯಾ ಕಡೆಯ ಯಹೂದಿ ವ್ಯಾಪಾರಿ ಅಲ್ಲೇ ಮನೆ ಮಾಡ್ಕೊಂಡು ಕಂಚಿನ ಕಾರ್ಖಾನೆ ನಡೆಸ್ತಿದ್ದ, ಹೀಬ್ರೂನಲ್ಲಿ ಕವಿತೆನೂ ಬರೀತಿದ್ದ, ಮಕ್ಕಳನ್ನೂ ಅಲ್ಲೇ ಬೆಳೆಸ್ದ. ಕೈರೋದ ಹಳೇ ಕಾಗದಗಳಲ್ಲಿ ಅವನ ಪತ್ರಗಳು ಸಿಕ್ಕಿವೆ. ಅವನೂ ಒಬ್ಬ ಅನಿವಾಸಿ!

ಆದ್ರೆ ನಂಗೆ ಹಿಡಿಸಿದ್ದು ಬೇರೆ. 1923ರಿಂದ ದಿನಕ್ಕೊಂದು ಹಾಳೆ ಅಂತ ತಾಲ್ಮುಡ್ ಓದೋ ಪದ್ಧತಿ ಇದೆ, 2711 ಹಾಳೆ, ಏಳೂವರೆ ವರ್ಷಕ್ಕೆ ಮುಗಿಯತ್ತೆ. ಲಾಂಗ್ ಐಲೆಂಡ್‌ನಿಂದ ಮ್ಯಾನ್‌ಹಟನ್‌ಗೆ ಹೋಗೋ ಬೆಳಗಿನ ಟ್ರೇನಲ್ಲೇ ವರ್ಷಗಟ್ಲೆ ಪಾಠ ನಡೆದಿದೆ, ಆಫೀಸಿಗೆ ಹೊರಟವ್ರು ಪುಸ್ತಕ ತೊಡೆ ಮೇಲಿಟ್ಕೊಂಡು ವಾದ ಮಾಡ್ತಿದ್ರು. ಓದೋರು ಅಪ್ಪಂದಿರು! ನಾವೋ ಮಗನ್ನ ಕ್ಲಾಸಿಗೆ ಇಳಿಸಿ ಪಾರ್ಕಿಂಗ್ ಲಾಟಲ್ಲಿ ರೀಲ್ಸ್ ನೋಡ್ತಾ ಕೂರ್ತೀವಿ.

ಒಬ್ರು ಮೇಡಂ ಕೊಟ್ಟ ಉತ್ತರ: ಸಾರ್, ಎಲ್ಲಾರೂ ಹಂಗಿಲ್ಲ ಬಿಡಿ. ನ್ಯೂಜೆರ್ಸಿಯ ಲೇಕ್‌ವುಡ್‌ಗೆ ಹೋಗಿ ನೋಡಿ, ಅಲ್ಲಿ 1943ರ ಯೆಶಿವಾ (ತಾಲ್ಮುಡ್ ಪಾಠಶಾಲೆ) ಇದೆ, ಗಂಡಸರು ಮದ್ವೆ ಆದ್ಮೇಲೂ ವರ್ಷಗಟ್ಲೆ ಓದ್ತಾ ಇರ್ತಾರೆ, ಹೆಂಡ್ತಿ ದುಡೀತಾಳೆ, ಮಾವನೂ ಕೈ ಹಿಡೀತಾನೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಇಂಥ ಯಹೂದಿಗಳ ಕೆಲವು ಗಂಡುಮಕ್ಕಳ ಸ್ಕೂಲಲ್ಲಿ ಇಂಗ್ಲಿಷು ಗಣಿತ ಸಾಲ್ದು ಅಂತ ಸರ್ಕಾರದ ಜೊತೆ ಜಗಳನೇ ಆಗಿದೆ. ಹೆಣ್ಮಕ್ಕಳ ವಿಷ್ಯ ಯಾಕೆ ಬಿಟ್ರಿ?

ನನ್ನ ಉತ್ತರ: ಅದು ನಿಜ ಮೇಡಂ, ಬಿಟ್ಟೇ ಹೋಯ್ತು. ಅಲ್ಲೇ ಇರೋದು ತಮಾಷೆ, ಅಂಥ ಕಟ್ಟಾ ಮನೆಗಳಲ್ಲಿ ಹುಡುಗೀರಿಗೆ ತಾಲ್ಮುಡ್ ಹೇಳಿಕೊಡಲ್ಲ, ಗಣಿತ ಇಂಗ್ಲಿಷ್ ಮಾತ್ರ ಅಣ್ಣತಮ್ಮಂದಿರಿಗಿಂತ ಜಾಸ್ತಿ ಕಲಿಸ್ತಾರೆ, ಯಾಕಂದ್ರೆ ನಾಳೆ ಸಂಬಳ ತರ್ಬೇಕಾದೋಳು ಅವಳೇ.