ಜರ್ಮನಿಯಲ್ಲಿ ಬಾಡಿಗೆ ಕಾರು: ಗಾಡಿ ಕೆಟ್ಟರೆ ಏನು ಮಾಡಬೇಕು?

ಪ್ರಶ್ನೆ (ಜಯನಗರದಿಂದ): ಸರ್, ಜೂನ್‌ನಲ್ಲಿ ಮ್ಯೂನಿಕ್‌ನಲ್ಲಿ ಕಾರು ಬಾಡಿಗೆಗೆ ತಗೊಂಡು ಒಂದು ವಾರ ಸುತ್ತೋಣ ಅಂತಿದೀವಿ. ನಾನು, ನಮ್ಮೆಜಮಾನ್ರು, ಎಂಟು ವರ್ಷದ ಮಗಳು. ಹನ್ನೆರಡು ವರ್ಷದಿಂದ ಬೆಂಗಳೂರಲ್ಲಿ ನಾನೇ ಓಡಿಸ್ತೀನಿ, ಗಾಡಿಗೆ ಒಂದು ಗೀರೂ ಬಿದ್ದಿಲ್ಲ. ಆದ್ರೂ ಬಲಗಡೆ ಓಡಿಸಬೇಕಲ್ಲಾ ಅಂತ ಭಯ. ಹೈವೇಲಿ ಗಾಡಿ ಕೆಟ್ಟು ನಿಂತರೆ ಏನು ಮಾಡೋದು?

ಉತ್ತರ: ಮೇಡಂ, ನಾನು ಒಂಬತ್ತು ವರ್ಷ ಅಲ್ಲೇ ಟೂರಿಸ್ಟ್ ವ್ಯಾನ್ ಓಡಿಸಿ, ಈಗ ಬನಶಂಕರಿಯಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟಿದೀನಿ. ಬಲಗಡೆ ಓಡಿಸೋದು ಅರ್ಧ ದಿನದಲ್ಲಿ ರೂಢಿಯಾಗುತ್ತೆ. ಮೊದಲೆರಡು ಗಂಟೆ ಇಂಡಿಕೇಟರ್ ಹಾಕೋಕೆ ಹೋಗಿ ವೈಪರ್ ಹಾಕ್ತೀರಿ, ಹಾಕಲಿ ಬಿಡಿ.

ಕಾಟ ಕೊಡೋದು ನಮ್ಮೂರಲ್ಲಿ ಪಳಗಿದ ಕೈ. ಎದುರಿನವರು ಡಿಮ್-ಡಿಪ್ ಮಾಡಿದರೆ ಇಲ್ಲಿ "ನಾನು ಬಂದೆ, ನೀನು ನಿಲ್ಲು" ಅಂತ. ಅಲ್ಲಿ ಹೆಚ್ಚಾಗಿ "ನೀವು ಹೋಗಿ" ಅಂತ. ಇಬ್ಬರೂ ನಿಂತು ಮುಖ ನೋಡಿಕೊಂಡಿದ್ದೂ ಉಂಟು! ಬಡಾವಣೆ ಒಳಗೆ ಬೋರ್ಡು, ಸಿಗ್ನಲ್ ಎರಡೂ ಇಲ್ಲದ ಕ್ರಾಸ್‌ನಲ್ಲಿ ಬಲಗಡೆಯಿಂದ ಬರೋರಿಗೇ ಮೊದಲು ದಾರಿ. ನಿಮ್ಮ ರಸ್ತೆ ಅಗಲ ಇದ್ದರೂ ಅಷ್ಟೇ.

ಇನ್ನು ಗಾಡಿ ಕೆಟ್ಟರೆ. ನಮ್ಮಲ್ಲಿ ಲಾರಿ ನಿಂತರೆ ಹಿಂದೆ ನಾಲ್ಕು ಕಲ್ಲು, ಒಂದು ಮರದ ಕೊಂಬೆ. ಆಟೋಬಾನ್‌ನಲ್ಲಿ, ಅಂದ್ರೆ ಅಲ್ಲಿನ ಹೈವೇಲಿ, ಆದಷ್ಟೂ ಬಲಕ್ಕೆ ಸರಿದು ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಇಳಿಯೋ ಮುಂಚೆ ಒಳಗೇ ಕೂತು ಹೊಳೆಯೋ ಜಾಕೆಟ್ ತೊಡಬೇಕು; ಅದು ಡಿಕ್ಕಿಯಲ್ಲಿದ್ದರೆ ಪ್ರಯೋಜನ ಇಲ್ಲ, ಕಾರು ತಗೊಂಡ ಕೂಡಲೇ ಕೈಗೆಟುಕೋ ಕಡೆ ಇಟ್ಟುಕೊಳ್ಳಿ. ಮಗಳನ್ನ ಬಲಗಡೆ ಬಾಗಿಲಿಂದ ಇಳಿಸಿ ತಡೆಬೇಲಿಯ ಆಚೆ ನಿಲ್ಲಿಸಿ. ಆಮೇಲೆ ಹಿಂದಿನವರಿಗೆ ಎಚ್ಚರಿಕೆ ಕೊಡೋ ಕೆಂಪು ತ್ರಿಕೋನ: ಅದನ್ನ ಬಿಚ್ಚಿ ಎದೆಗೆ ಅಡ್ಡ ಹಿಡ್ಕೊಂಡು, ಬೇಲಿಯ ಆಚೆಯಿಂದಲೇ ಹಿಂದಕ್ಕೆ 150–200 ಮೀಟರ್ ನಡೆದು ಇಟ್ಟು ಬನ್ನಿ. ರಸ್ತೆ ಪಕ್ಕದ ಬಿಳಿ-ಕಪ್ಪು ಗೂಟಗಳು ಸಾಮಾನ್ಯವಾಗಿ 50 ಮೀಟರ್‌ಗೊಂದು, ಮೂರ್ನಾಲ್ಕು ಎಣಿಸಿದರೆ ಸಾಕು. ಗೂಟದ ಮೇಲಿನ ಪುಟ್ಟ ಬಾಣ ಹತ್ತಿರದ ಎಮರ್ಜೆನ್ಸಿ ಫೋನ್ ಯಾವ ಕಡೆ ಅಂತ ತೋರಿಸುತ್ತೆ. ಯಾರಿಗಾದರೂ ಪೆಟ್ಟಾಗಿದ್ದರೆ 112. ಬರೀ ಗಾಡಿ ಕೆಟ್ಟಿದ್ದರೆ ಬಾಡಿಗೆ ಕಂಪನಿಯ ನಂಬರ್. ಪೆಟ್ರೋಲ್ ಖಾಲಿಯಾಗಿ ನಿಂತರೆ ಮಾತ್ರ ಕನಿಕರ ಇಲ್ಲ, ದಂಡ ಬೀಳುತ್ತೆ.

ಪ್ರಶ್ನೆ (ಇನ್ನೊಬ್ಬರು): ಅಣ್ಣ, ಜಾಮ್ ಆದಾಗ ಎಲ್ಲರೂ ಎರಡೂ ಅಂಚಿಗೆ ಸರಿಯೋದು ಯಾಕೆ?

ಉತ್ತರ: ಆಂಬುಲೆನ್ಸ್‌ಗೆ ದಾರಿ. ಎಡ ತುದಿ ಲೇನ್‌ನವರು ಎಡಕ್ಕೆ, ಮಿಕ್ಕವರೆಲ್ಲ ಬಲಕ್ಕೆ. ಸಿಲ್ಕ್ ಬೋರ್ಡ್‌ನಲ್ಲಿ ನಾವು ಸೈರನ್ ಬೆನ್ನಿಗೆ ಬಂದಮೇಲೆ ಜಾಗ ಹುಡುಕ್ತೀವಿ. ಅಲ್ಲಿ ಗಾಡಿಗಳು ನಡಿಗೆಯ ವೇಗಕ್ಕೆ ಇಳಿದಾಗಲೇ ಸರಿಯಬೇಕು, ಅದು ಕಾನೂನು. ಖಾಲಿ ಇದೆ ಅಂತ ಆ ದಾರಿಯಲ್ಲಿ ನುಗ್ಗೀರಿ ಮತ್ತೆ!

ಪ್ರಶ್ನೆ (ಜಯನಗರದಿಂದ): ಪಾರ್ಕಿಂಗ್‌ನಲ್ಲಿ ಯಾರದೋ ಕಾರಿಗೆ ತಾಗಿಸಿಬಿಟ್ರೆ, ನಂಬರ್ ಬರೆದ ಚೀಟಿ ಸಿಕ್ಕಿಸಿದ್ರೆ ಆಯ್ತಾ?

ಉತ್ತರ: ಸಾಲದು. ಚೀಟಿ ಇಟ್ಟು ಹೊರಟರೂ ಓಡಿಹೋದ ಕೇಸೇ ಆಗಬಹುದು. ಅಲ್ಲೇ ಕಾಯಿರಿ, ಓನರ್ ಬರದಿದ್ದರೆ 110ಕ್ಕೆ ಮಾಡಿ ಪೊಲೀಸರನ್ನ ಕರೆಸಿ. ಬಾಡಿಗೆ ಕಂಪನಿಯವರೂ ಸಾಮಾನ್ಯವಾಗಿ ಆ ರಿಪೋರ್ಟ್ ಕೇಳ್ತಾರೆ. ಹೊರಡೋ ಮುಂಚೆ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿ, ಒಂದು ವರ್ಷ ನಡೆಯುತ್ತೆ, ಜೊತೆಗೆ ಇಲ್ಲಿನ ಅಸಲಿ ಲೈಸೆನ್ಸೂ ಇರಲಿ. ಮಗಳು ಎಷ್ಟು ಎತ್ತರ?

ಜಯನಗರದಿಂದ: 128 ಸೆಂ.ಮೀ. ಸರ್.

ಉತ್ತರ: ಹಾಗಾದ್ರೆ ಮಕ್ಕಳ ಸೀಟು ಕಡ್ಡಾಯ, 12 ವರ್ಷ ತುಂಬೋವರೆಗೆ, ಇಲ್ಲಾ 150 ಸೆಂ.ಮೀ. ಆಗೋವರೆಗೆ. ಕಾರಿನ ಜೊತೆಗೇ ಬುಕ್ ಮಾಡಿಬಿಡಿ.