ದೊಡ್ಡ ಎಸ್‌ಯುವಿಗೆ ಏರ್ ಸಸ್ಪೆನ್ಷನ್ ಹಾಕಿ ತಗ್ಗಿಸಬೇಕು: ಹಾಕಿಸಿದವರು ಅನುಭವ ಹೇಳಿ

ಕೇಳಿದವರು

ನನ್ನದು ಚಾಸಿ ಮೇಲೆ ಬಾಡಿ ಕೂತಿರುವ, ಮೂರು ಸಾಲು ಸೀಟಿನ ದೊಡ್ಡ ಎಸ್‌ಯುವಿ. ತೂಕ ಎರಡೂವರೆ ಟನ್ ದಾಟುತ್ತದೆ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಹಿಂದೆ ಕಾಯಿಲ್ ಸ್ಪ್ರಿಂಗ್ ಮೇಲೆ ಸಾಲಿಡ್ ಆಕ್ಸಲ್ (ಎರಡೂ ಚಕ್ರ ಸೇರಿಸುವ ಒಂದೇ ಗಟ್ಟಿ ಅಚ್ಚು), ಫೋರ್ ವೀಲ್ ಡ್ರೈವ್. 22 ಇಂಚಿನ ವೀಲ್ ಹಾಕಿದ ಮೇಲೆ ಫೆಂಡರ್ ಕೆಳಗಿನ ಸಂದು ಕಣ್ಣಿಗೆ ಚುಚ್ಚುತ್ತಿದೆ. ನಿಲ್ಲಿಸಿದಾಗ ಗಾಡಿ ನೆಲಕ್ಕೆ ಕೂರಬೇಕು. ಓಡಿಸುವಾಗ ಹಿಂದೆ ಕೂತವರು ಬೈಯಬಾರದು. ಎಷ್ಟು ತಗ್ಗಿಸಬಹುದು? ಸ್ಪ್ರಿಂಗ್ ಬದಲು ಕೂರುವ ರಬ್ಬರ್ ಬಲೂನ್‌ಗಳಿಗೆ ಗಾಳಿ ತುಂಬಿ ಬಿಡಲು ಪ್ರೆಷರ್ ನೋಡಿ ಕೆಲಸ ಮಾಡುವ ಕಂಟ್ರೋಲರ್ ಸಾಕಾ, ಹೈಟ್ ಸೆನ್ಸರ್ ಬೇಕೇ ಬೇಕಾ? ದಿನಾ ಓಡಿಸುವ ಗಾಡಿ, ತಲೆನೋವು ಎಷ್ಟಿರುತ್ತದೆ?

ಇದೇ ತರಹದ ಗಾಡಿಗೆ ನಾಲ್ಕೂ ಕಡೆ ಹಾಕಿಸಿಕೊಂಡವರು

ಎಲ್ಲರೂ ಮೊದಲು ಕೇಳುವುದು "ಎಷ್ಟು ಕೆಳಗೆ ಹೋಗುತ್ತದೆ" ಅಂತ. ಅದನ್ನು ಪಕ್ಕಕ್ಕಿಡಿ. ಯಾವ ಎತ್ತರದಲ್ಲಿ ಓಡಿಸುತ್ತೀರಿ, ಅದನ್ನು ಮೊದಲು ತೀರ್ಮಾನ ಮಾಡಿ. ಹಬ್ (ಚಕ್ರದ ನಡುಭಾಗ) ಮಧ್ಯದಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಈಗಿನ ಅಳತೆ ಬರೆದಿಟ್ಟುಕೊಳ್ಳಿ. ಅದಕ್ಕಿಂತ 50ರಿಂದ 75 ಮಿಲಿಮೀಟರ್ ಕಡಿಮೆ ಅಂದರೆ ಇಂಥ ಗಾಡಿಯನ್ನು ದಿನಾ ಓಡಿಸಬಹುದಾದ ಎತ್ತರ. ನಿಲ್ಲಿಸಿದಾಗ ಇನ್ನೂ ಎಷ್ಟು ಕೂರುತ್ತದೆ ಅನ್ನುವುದು ಬರೀ ನೋಟದ ಮಾತು. ಶಾಕ್ ಉದ್ದ, ಅಲೈನ್‌ಮೆಂಟ್, ಲಿಂಕ್‌ಗಳು ಎಲ್ಲವನ್ನೂ ಓಡಿಸುವ ಎತ್ತರಕ್ಕೆ ಹೊಂದಿಸಬೇಕು.

ಮುಂದಿನ ಭಾಗದಲ್ಲಿ ನಿಮ್ಮ ಕೈ ಕಟ್ಟಿಹಾಕುವುದು ಫೋರ್ ವೀಲ್ ಡ್ರೈವ್. ಟೂ ವೀಲ್ ಡ್ರೈವ್ ಆಗಿದ್ದರೆ ಹಬ್ ಮೇಲೆ ಕೂರುವಂತೆ ಮಾಡುವ ಡ್ರಾಪ್ ಸ್ಪಿಂಡಲ್ ಹಾಕಿ, ಚಕ್ರವನ್ನು ಚಾಸಿಗೆ ಹಿಡಿದಿಡುವ ಕಂಟ್ರೋಲ್ ಆರ್ಮ್‌ಗಳ ಕೋನ ಕೆಡಿಸದೆ ಸ್ವಲ್ಪ ಇಳಿಸಬಹುದಿತ್ತು. ನಿಮ್ಮದರಲ್ಲಿ ಹಬ್ ಒಳಗೆ ಚಕ್ರ ತಿರುಗಿಸುವ ಸಿವಿ ಶಾಫ್ಟ್ ಹಾದುಹೋಗುತ್ತದೆ, ಆ ದಾರಿ ಸುಲಭವಲ್ಲ. ಗಾಡಿ ಇಳಿದಂತೆ ಶಾಫ್ಟ್ ಡಿಫರೆನ್ಷಿಯಲ್‌ನಿಂದ ಹಬ್ ಕಡೆಗೆ ಮೇಲ್ಮುಖವಾಗುತ್ತದೆ. ಆ ಕೋನ ಜಾಸ್ತಿಯಾದರೆ ಜಾಯಿಂಟ್ ಬಿಸಿಯಾಗುತ್ತದೆ, ರಬ್ಬರ್ ಬೂಟ್ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಪೂರ್ತಿ ಕೂರಿಸಿದ ಸ್ಥಿತಿಯಲ್ಲಿ ಗಾಡಿಯನ್ನು ಅಂಗಳದಲ್ಲಿ ಒಂದಿಷ್ಟು ಸರಿಸಿದರೆ ಪರವಾಗಿಲ್ಲ, ಹಾಗೇ ರಸ್ತೆಗೆ ಇಳಿಯಬೇಡಿ.

ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಇನ್ನೊಂದು ಕಥೆ. ಅದು ಕೆಳಗಿನ ಆರ್ಮ್ ಜೊತೆ ಹೆಚ್ಚುಕಡಿಮೆ ಒಂದೇ ಕಮಾನಿನಲ್ಲಿ ಓಡಾಡಬೇಕು. ತುಂಬಾ ತಗ್ಗಿಸಿದರೆ ಎರಡರ ಕಮಾನು ಬೇರೆಯಾಗುತ್ತದೆ. ಆಗ ಉಬ್ಬು ಸಿಕ್ಕಾಗ ನೀವು ಸ್ಟೀರಿಂಗ್ ತಿರುಗಿಸದಿದ್ದರೂ ಚಕ್ರ ತಾನೇ ತಿರುಗುತ್ತದೆ. ಹೈವೇಯಲ್ಲಿ ಗಾಡಿ ಆ ಕಡೆ ಈ ಕಡೆ ಹುಡುಕಾಡುತ್ತಿದೆ ಅನಿಸಿದರೆ ಬಲೂನ್ ಮೇಲೆ ತಪ್ಪು ಹೊರಿಸುವ ಮೊದಲು ಇದನ್ನು ನೋಡಿ.

ಹಿಂದೆ ಕಾಯಿಲ್ ಜೊತೆ ಸಾಲಿಡ್ ಆಕ್ಸಲ್ ಅಂದರೆ ಆಕ್ಸಲ್ ಪಕ್ಕಕ್ಕೆ ಓಡದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಇದ್ದೇ ಇರುತ್ತದೆ ಅನ್ನಬಹುದು. ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಎತ್ತರ ಬದಲಾದರೆ ಅದು ಆಕ್ಸಲ್ ಅನ್ನು ಒಂದು ಪಕ್ಕಕ್ಕೆ ಸರಿಸುತ್ತದೆ. ಎರಡೂ ಫೆಂಡರ್ ಅಂಚಿನಿಂದ ತೂಗುಗುಂಡು ಇಳಿಬಿಟ್ಟು ದಾರಕ್ಕೂ ವೀಲ್ ಅಂಚಿಗೂ ಇರುವ ಅಂತರ ಅಳೆಯಿರಿ, ಗೊತ್ತಾಗುತ್ತದೆ. ಒಂದು ಕಡೆ ಟೈರ್ ಒಳಗೆ, ಇನ್ನೊಂದು ಕಡೆ ಹೊರಗೆ. 22 ಇಂಚಿನ ಅಗಲ ವೀಲ್‌ಗೆ ಈ ವ್ಯತ್ಯಾಸವೇ ಒಂದು ಪಕ್ಕದ ಲೈನರ್ (ಫೆಂಡರ್ ಒಳಗಿನ ಹೊದಿಕೆ) ಉಜ್ಜಲು ಸಾಕು. ಉದ್ದ ಹೊಂದಿಸಬಹುದಾದ ರಾಡ್ ಹಾಕಿಸಿ, ಓಡಿಸುವ ಎತ್ತರದಲ್ಲಿ ಆಕ್ಸಲ್ ನಡುವೆ ಬರುವಂತೆ ಮಾಡಿಸಿ. ಪಿನಿಯನ್ ಕೋನವನ್ನೂ (ಡ್ರೈವ್ ಶಾಫ್ಟ್ ಹಿಂದಿನ ಆಕ್ಸಲ್‌ಗೆ ಸೇರುವ ಕೋನ) ಆಗಲೇ ನೋಡಲು ಹೇಳಿ, ಇಲ್ಲದಿದ್ದರೆ ಒಂದು ವೇಗದಲ್ಲಿ ನೆಲದಡಿಯಿಂದ ಗುಂಯ್ ಅನ್ನುವ ನಡುಕ ಬರುತ್ತದೆ.

ಹಿಂಭಾಗ ತುಂಬಾ ಕೂರಬೇಕು ಅಂದರೆ ಆಕ್ಸಲ್ ಟ್ಯೂಬ್ ಚಾಸಿಗೆ ಬಡಿಯುತ್ತದೆ. ಅದಕ್ಕೆ ಚಾಸಿಯನ್ನು ಕಮಾನಿನಂತೆ ಕತ್ತರಿಸಿ, ಸುತ್ತ ಪ್ಲೇಟ್ ವೆಲ್ಡ್ ಮಾಡಿ ಜಾಗ ಮಾಡುತ್ತಾರೆ. ಸಿ-ನಾಚ್ ಅನ್ನುತ್ತಾರೆ. ಚೆನ್ನಾಗಿ ಮಾಡಿದರೆ ಗಟ್ಟಿಯಾಗಿಯೇ ಇರುತ್ತದೆ, ಆದರೆ ಮಾಡಿದ ಮೇಲೆ ಹಿಂದೆ ಹೋಗುವ ದಾರಿ ಇಲ್ಲ. ಕುಟುಂಬದ ಗಾಡಿಗೆ ನಾನಂತೂ ಬೇಡ ಅನ್ನುತ್ತೇನೆ.

ವರ್ಕ್‌ಶಾಪ್‌ನಲ್ಲಿ ಇದೇ ಕೆಲಸ ಮಾಡುವವರು

ಮೇಲಿನವರು ಲೋಹದ ಭಾಗ ಹೇಳಿದರು, ನಾನು ಗಾಳಿ ಭಾಗ ಹೇಳುತ್ತೇನೆ.

ಬಲೂನ್ ಹೊರುವ ತೂಕ ಅಂದರೆ ಪ್ರೆಷರ್ ಗುಣಿಸು ಅದರ ಕೆಲಸ ಮಾಡುವ ವಿಸ್ತೀರ್ಣ, ಅಷ್ಟೇ. 12 ಚದರ ಇಂಚಿನ ಬಲೂನ್‌ಗೆ 100 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ತುಂಬಿದರೆ 1200 ಪೌಂಡ್, ಅಂದರೆ ಸುಮಾರು 545 ಕಿಲೋ ಹೊರುತ್ತದೆ. 16 ಚದರ ಇಂಚಿನದಾದರೆ ಅಷ್ಟೇ ತೂಕಕ್ಕೆ 75 ಸಾಕು. ಭಾರಿ ಗಾಡಿಗೆ ದಪ್ಪ ಬಲೂನ್ ಯಾಕೆ ಬೇಕು ಅನ್ನುವುದು ಇದರಲ್ಲೇ ಇದೆ. ಮುಂದೆ ಬಲೂನ್ ಕಂಟ್ರೋಲ್ ಆರ್ಮ್ ನಡುಭಾಗದಲ್ಲಿ ಕೂತರೆ ಚಕ್ರದ ತೂಕದ ಹೆಚ್ಚುಕಡಿಮೆ ಎರಡರಷ್ಟು ಅದರ ಮೇಲೆ ಬೀಳುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಣ್ಣ ಬಲೂನ್‌ಗೆ ಸುಮ್ನೆ ಪ್ರೆಷರ್ ಏರಿಸುತ್ತಾ ಹೋದರೆ ಗಾಡಿ ನಿಲ್ಲುತ್ತದೆ ನಿಜ, ಸವಾರಿ ಕಲ್ಲಿನಂತಾಗುತ್ತದೆ.

ಎಡ ಬಲ ಬಲೂನ್‌ಗಳನ್ನು ಒಂದೇ ಪೈಪಿಗೆ ಟಿ ಜಾಯಿಂಟ್ ಹಾಕಿ ಸೇರಿಸುವವರು ಈಗಲೂ ಇದ್ದಾರೆ. ಒಪ್ಪಿಕೊಳ್ಳಬೇಡಿ. ತಿರುವಿನಲ್ಲಿ ಹೊರಗಿನ ಬಲೂನ್ ಒತ್ತಿದಾಗ ಅದರ ಗಾಳಿ ಒಳಗಿನದಕ್ಕೆ ಓಡುತ್ತದೆ. ಗಾಡಿ ವಾಲುತ್ತಿರುವ ಕಡೆಗೇ ಇನ್ನಷ್ಟು ವಾಲುತ್ತದೆ. ಎತ್ತರದ ಎಸ್‌ಯುವಿಗೆ ಇದು ಅಪಾಯ. ನಾಲ್ಕು ಮೂಲೆಗೆ ನಾಲ್ಕು ಪ್ರತ್ಯೇಕ ವಾಲ್ವ್ ಇರಲಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಬರೀ ಪ್ರೆಷರ್ ನೋಡುವ ಕಂಟ್ರೋಲರ್, ಇಬ್ಬರೇ ಓಡಾಡುವ ಹಗುರ ಕಾರಿಗೆ ನಡೆಯುತ್ತದೆ. ಮೂರು ಸಾಲಿನ ಗಾಡಿಯಲ್ಲಿ ಏನಾಗುತ್ತದೆ ನೋಡಿ. ಹಿಂದೆ ಮೂವರು ಹತ್ತಿ, ಲಗೇಜ್ ಇಟ್ಟರೆ ಬಲೂನ್ ಒತ್ತಿ ಒಳಗಿನ ಪ್ರೆಷರ್ ಏರುತ್ತದೆ. ಕಂಟ್ರೋಲರ್‌ಗೆ ಅದು ಗಾಳಿ ಜಾಸ್ತಿಯಾದಂತೆ ಕಾಣುತ್ತದೆ. ಸೆಟ್ ಮಾಡಿದ ಅಂಕಿಗೆ ತರಲು ಗಾಳಿ ಬಿಡುತ್ತದೆ. ಏರಬೇಕಾದ ಹಿಂಭಾಗ ಇನ್ನೂ ಕೂರುತ್ತದೆ! ಹೈಟ್ ಸೆನ್ಸರ್ ಇದ್ದರೆ ಅದು ಎತ್ತರ ನೋಡಿ ಗಾಳಿ ತುಂಬುತ್ತದೆ.

ಹಾಗಂತ ಎತ್ತರ ಮಾತ್ರ ನೋಡುವುದೂ ಪೂರ್ತಿ ಸರಿಯಲ್ಲ. ನಾಲ್ಕು ಕಾಲಿನ ಸ್ಟೂಲ್ ಒಂದು ಮೂಲೆಯಿಂದ ಎದುರು ಮೂಲೆಗೆ ಕುಣಿಯುವುದಿಲ್ಲವೇ, ಹಾಗೇ ಇಲ್ಲಿ ನಾಲ್ಕೂ ಎತ್ತರ ಸರಿಯಿದ್ದೂ ಎದುರುಬದುರು ಎರಡು ಮೂಲೆಗಳೇ ಜಾಸ್ತಿ ತೂಕ ಹೊತ್ತಿರಬಹುದು. ಎತ್ತರ, ಪ್ರೆಷರ್ ಎರಡನ್ನೂ ನೋಡುವ ಕಂಟ್ರೋಲರ್‌ಗಳು ಸಿಗುತ್ತವೆ. ನಿಮ್ಮ ಗಾಡಿಗೆ ಅದೇ ಸರಿ.

ಮ್ಯಾನುಯಲ್ ವಾಲ್ವ್ ಇಟ್ಟುಕೊಂಡವರು

ನನಗೆ ಸೆನ್ಸರ್ ನಂಬಿಕೆ ಇಲ್ಲ. ಸೆನ್ಸರ್ ಕಡ್ಡಿಗೆ ಮಣ್ಣು ಮೆತ್ತಿಕೊಂಡರೆ, ಕಲ್ಲು ಬಡಿದು ಬಾಗಿದರೆ ಕಂಟ್ರೋಲರ್‌ಗೆ ತಪ್ಪು ಸುದ್ದಿ ಹೋಗುತ್ತದೆ. ಗೇಜ್ ನೋಡಿ ಕೈಯಲ್ಲೇ ಹೊಂದಿಸುತ್ತೇನೆ. ಆದರೆ ಒಪ್ಪುತ್ತೇನೆ, ನನ್ನ ಗಾಡಿಯಲ್ಲಿ ಯಾವಾಗಲೂ ಒಂದೇ ತೂಕ ಇರುತ್ತದೆ, ನಿಮ್ಮದರಲ್ಲಿ ಹಾಗಲ್ಲ.

ಗಾಳಿ ಬೇಡ ಅನ್ನುವವರು

ಓಡಿಸುವಾಗ ಬೇಕಿರುವುದು 50 ಮಿಲಿಮೀಟರ್ ಅಷ್ಟೇ ಅಂದರೆ ಗಿಡ್ಡ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಹಾಕಿ ಮುಗಿಸಿ. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್‌ಗೆ ಕಂಪನಿಯೇ ನಾಲ್ಕೂ ಕಡೆ ಏರ್ ಸಸ್ಪೆನ್ಷನ್ ಕೊಟ್ಟಿತ್ತು. ಲೀಕ್ ಸಾಕಾಗಿ ಎಷ್ಟೋ ಮಾಲೀಕರು ಅದನ್ನು ಕಿತ್ತು ಕಾಯಿಲ್ ಹಾಕಿಸಿಕೊಂಡರು.

ವರ್ಕ್‌ಶಾಪ್‌ನವರು ಮತ್ತೆ

ಆಗಿನ ರಬ್ಬರ್, ಆಗಿನ ವಾಲ್ವ್‌ಗೂ ಈಗಿನದಕ್ಕೂ ಹೋಲಿಕೆ ಇಲ್ಲ. ನಾನು ನೋಡಿದ ಮಟ್ಟಿಗೆ ಬಲೂನ್ ತಾನಾಗಿ ಹರಿಯುವುದು ಅಪರೂಪ, ಯಾವುದಕ್ಕೋ ಉಜ್ಜಿ ಹರಿಯುವುದೇ ಜಾಸ್ತಿ. ಪೂರ್ತಿ ಉಬ್ಬಿದಾಗ ಸುತ್ತ ಎಲ್ಲ ಕಡೆ ಕನಿಷ್ಠ ಅರ್ಧ ಇಂಚು ಜಾಗ ಇರಬೇಕು.

ಒಳ್ಳೆಯ ಕೆಲಸಗಾರರು ಬಲೂನ್ ಕೂರಿಸುವ ಮೊದಲು ಸ್ಪ್ರಿಂಗ್ ತೆಗೆದು, ಚಾಸಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಜ್ಯಾಕ್‌ನಿಂದ ಆಕ್ಸಲ್ ಅನ್ನು ಪೂರ್ತಿ ಮೇಲಕ್ಕೂ ಪೂರ್ತಿ ಕೆಳಕ್ಕೂ ಓಡಾಡಿಸಿ ನೋಡುತ್ತಾರೆ. ಬ್ರೇಕ್ ಹೋಸ್ ಎಳೆಯುತ್ತದಾ, ಎಬಿಎಸ್ ವೈರ್ ಸಿಕ್ಕಿಕೊಳ್ಳುತ್ತದಾ, ಸೈಲೆನ್ಸರ್ ಪೈಪ್ ತಾಗುತ್ತದಾ, ಶಾಕ್ ತುದಿ ಮುಟ್ಟುತ್ತದಾ. ಮುಂದೆ ಇದನ್ನೇ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಮಾಡಬೇಕು. ಈ ಕೆಲಸ ಬಿಟ್ಟು ನೇರ ಬಲೂನ್ ಹಾಕಲು ಹೊರಟವರ ಹತ್ತಿರ ಗಾಡಿ ಕೊಡಬೇಡಿ.

ಪೈಪ್ ಲೀಕ್‌ಗೆ ಮುಖ್ಯ ಕಾರಣ ಓರೆ ಕತ್ತರಿಸಿದ ತುದಿ. ಇಕ್ಕಳದಲ್ಲಿ ಕತ್ತರಿಸಿದರೆ ತುದಿ ಮೊಟ್ಟೆಯಾಕಾರ ಆಗುತ್ತದೆ, ಪುಶ್ ಫಿಟಿಂಗ್ ಒಳಗಿನ ಒ-ರಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಪೈಪ್ ಕಟರ್‌ನಲ್ಲೇ ನೇರ ಕತ್ತರಿಸಬೇಕು. ಆಮೇಲೆ ಪ್ರತಿ ಜಾಯಿಂಟ್‌ಗೂ ಸೋಪಿನ ನೀರು. ದೊಡ್ಡ ಗುಳ್ಳೆ ಎಲ್ಲರಿಗೂ ಕಾಣುತ್ತದೆ, ಸಣ್ಣ ನೊರೆ ನಿಧಾನಕ್ಕೆ ಕಟ್ಟುತ್ತದೆ. ಒಂದು ಜಾಯಿಂಟ್ ಮೇಲೆ ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿ.

ಕೇಳಿದವರು

ಕಾಯಿಲ್ ಒಳಗೇ ತೂರಿಸುವ ಬಲೂನ್ ಕಿಟ್ ಹಾಕಿದರೆ ಸಾಕು ಅಂತ ಒಬ್ಬರು ಹೇಳಿದರು. ಅದಕ್ಕೆ ಇಷ್ಟೆಲ್ಲ ಕೆಲಸವೇ ಇಲ್ಲ ಅಲ್ವಾ?

ನಾಲ್ಕೂ ಕಡೆ ಹಾಕಿಸಿಕೊಂಡವರು

ಅದು ತಗ್ಗಿಸುವುದಿಲ್ಲ. ಟ್ರೇಲರ್ ಎಳೆಯುವಾಗ, ಭಾರ ಹೇರಿದಾಗ ಹಿಂಭಾಗ ಕುಸಿಯದಿರಲಿ ಅಂತ ಇರುವ ಸಹಾಯಕ ಬಲೂನ್ ಅದು. ಕಾಯಿಲ್ ಹಾಗೇ ಇರುವಾಗ ಗಾಳಿ ಬಿಟ್ಟರೂ ಗಾಡಿ ಕಂಪನಿ ಎತ್ತರಕ್ಕಿಂತ ಕೆಳಗೆ ಹೋಗುವುದಿಲ್ಲ.

ಕಂಪನಿಯಿಂದಲೇ ಏರ್ ಸಸ್ಪೆನ್ಷನ್ ಬಂದ ಗಾಡಿಯವರು

ನಿಮಗೆ ನೇರ ಉಪಯೋಗವಿಲ್ಲ, ಆದರೆ ಓದುವ ಬೇರೆಯವರಿಗೆ ಬೇಕಾಗಬಹುದು. ರೇಂಜ್ ರೋವರ್, ಮರ್ಸಿಡಿಸ್ ಜಿಎಲ್‌ಎಸ್ ತರಹದ ಗಾಡಿಗಳಲ್ಲಿ ಬಲೂನ್ ಆಗಲೇ ಇರುತ್ತದೆ. ಅಲ್ಲಿ ಹೈಟ್ ಸೆನ್ಸರ್ ಲಿಂಕ್ ಉದ್ದ ಬದಲಿಸಿ ಅಥವಾ ಮಾಡ್ಯೂಲ್ ಹಾಕಿ ಕಂಪ್ಯೂಟರ್‌ಗೆ ಗಾಡಿ ಎತ್ತರದಲ್ಲಿದೆ ಎಂದು ನಂಬಿಸುತ್ತಾರೆ, ಅದು ತಾನೇ ಇಳಿಸಿಕೊಳ್ಳುತ್ತದೆ. ಕೆಲಸ ಸುಲಭ. ಆದರೆ ಕ್ಯಾಂಬರ್, ಟೋ (ಚಕ್ರ ವಾಲಿರುವ, ತಿರುಗಿರುವ ಕೋನಗಳು) ಬದಲಾಗಿ ಟೈರ್ ಒಳ ಅಂಚು ಸವೆಯುತ್ತದೆ, ಹೊರಗಿನಿಂದ ನೋಡಿದರೆ ಕಾಣುವುದೂ ಇಲ್ಲ. ಆಗಾಗ ಒಳಗೆ ಕೈಯಾಡಿಸಿ ನೋಡಿ.

ನಾಲ್ಕೂ ಕಡೆ ಹಾಕಿಸಿಕೊಂಡವರು

ಅಲೈನ್‌ಮೆಂಟ್ ವಿಷಯ ಬಂದಿದ್ದಕ್ಕೆ ಒಂದು ಮಾತು: ಅಲೈನ್‌ಮೆಂಟ್ ಮಾಡುವಾಗ ಗಾಡಿ ಓಡಿಸುವ ಎತ್ತರದಲ್ಲೇ ಇರಬೇಕು, ಮಧ್ಯದಲ್ಲಿ ಯಾರೂ ಗಾಳಿ ಮುಟ್ಟಬಾರದು. ಹೆಡ್‌ಲೈಟ್ ಕೋನ, ಮುಂದಿನ ಕ್ಯಾಮೆರಾ ರಾಡಾರ್ ಇದ್ದರೆ ಅವನ್ನೂ ಮತ್ತೆ ಹೊಂದಿಸಬೇಕು.

ತಗ್ಗಿಸಿದರೆ ವಾಲುವುದು ತಾನಾಗಿಯೇ ಕಡಿಮೆ ಆಗುತ್ತದೆ ಅನ್ನುವುದು ಅರ್ಧ ನಿಜ. ಗುರುತ್ವ ಕೇಂದ್ರ ಕೆಳಗೆ ಬರುತ್ತದೆ, ಸರಿ. ಆದರೆ ಮುಂದಿನ ಆರ್ಮ್‌ಗಳ ಕೋನ ಬದಲಾಗಿ ಗಾಡಿ ವಾಲುವ ಕೇಂದ್ರ ಅದಕ್ಕಿಂತ ಜಾಸ್ತಿ ಕೆಳಗೆ ಹೋಗಿಬಿಡಬಹುದು, ಆಗ ವಾಲುವುದು ಜಾಸ್ತಿಯೇ ಆಗುತ್ತದೆ. ಗಾಡಿ ವಾಲದಂತೆ ಎಡ ಬಲ ಚಕ್ರ ಸೇರಿಸುವ ಸ್ವೇ ಬಾರ್ ತೆಗೆಸಬೇಡಿ. ಅದರ ಲಿಂಕ್ ಗಿಡ್ಡ ಮಾಡಿಸಿ ಉಳಿಸಿಕೊಳ್ಳಿ.

ದಿನದ ತಲೆನೋವು ಕೇಳಿದಿರಿ. ಕಂಪ್ರೆಸರ್ ಗಾಳಿ ತುಂಬಿಡುವ ಟ್ಯಾಂಕ್‌ನಿಂದ ನೀರು ಬಿಡುವುದೊಂದು ಅಭ್ಯಾಸ ಮಾಡಿಕೊಳ್ಳಿ. ಗಾಳಿಯನ್ನು ಒತ್ತಿದಾಗ ಅದರ ತೇವ ನೀರಾಗಿ ಟ್ಯಾಂಕ್ ತಳ ಸೇರುತ್ತದೆ. ಬಿಡದಿದ್ದರೆ ವಾಲ್ವ್ ಒಳಗೆ ಹೋಗಿ ತುಕ್ಕು ಹಿಡಿಸುತ್ತದೆ, ಚಳಿ ಜಾಸ್ತಿ ಇರುವ ಕಡೆ ಹೆಪ್ಪುಗಟ್ಟಿ ವಾಲ್ವ್ ಅಂಟಿಕೊಳ್ಳುತ್ತದೆ. ಕಂಪ್ರೆಸರ್ ಒಂದೊಂದೂ 20 ಆಂಪಿಯರ್ ಆಸುಪಾಸು ಎಳೆಯುತ್ತದೆ, ಭಾರಿ ಗಾಡಿಗೆ ಎರಡು ಹಾಕುತ್ತಾರೆ. ದಪ್ಪ ವೈರ್ ನೇರ ಬ್ಯಾಟರಿಯಿಂದ, ರಿಲೇ ಮೂಲಕ, ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ.

ಬೆಳಿಗ್ಗೆ ಒಂದೇ ಮೂಲೆ ಕೂತಿದ್ದರೆ ಲೀಕ್ ಎಲ್ಲಿ ಅಂತ ಹುಡುಕಲು ಒಂದು ಉಪಾಯ. ವಾಲ್ವ್ ಬ್ಲಾಕ್‌ನಲ್ಲಿ ಆ ಮೂಲೆಯ ಪೈಪನ್ನೂ ಪಕ್ಕದ ಮೂಲೆಯದನ್ನೂ ಅದಲುಬದಲು ಮಾಡಿ ರಾತ್ರಿ ಬಿಡಿ. ಮರುದಿನವೂ ಅದೇ ಮೂಲೆ ಕೂತರೆ ತೊಂದರೆ ಪೈಪ್ ಅಥವಾ ಬಲೂನ್‌ನಲ್ಲಿ. ಬೇರೆ ಮೂಲೆ ಕೂತರೆ ವಾಲ್ವ್‌ನಲ್ಲಿ.

ವರ್ಕ್‌ಶಾಪ್‌ನವರು

ಒಂದು ವಿಷಯ ಯಾರೂ ಹೇಳಲಿಲ್ಲ. ಗಾಳಿ ನಂಬಿಕೊಂಡು ಗಾಡಿ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಟ್ಟೇ ಹೋಗಿ.

ಗಾಳಿ ಪೂರ್ತಿ ಹೋಗಿ ಗಾಡಿ ಕೂತರೆ ಕಂಪನಿ ಕೊಟ್ಟ ಜ್ಯಾಕ್ ಅಡಿಗೆ ಹೋಗುವುದೇ ಇಲ್ಲ, ಹಿಂದೆ ಕೆಳಗೆ ನೇತುಹಾಕಿರುವ ಸ್ಟೆಪ್ನಿಯೂ ಹೊರಬರುವುದಿಲ್ಲ. ಅದಕ್ಕೇ ಟ್ಯಾಂಕ್‌ಗೆ ಟೈರ್‌ನಲ್ಲಿರುವಂಥದ್ದೇ ಒಂದು ವಾಲ್ವ್ ಕೂರಿಸಿಕೊಳ್ಳಿ. ಕಂಪ್ರೆಸರ್ ಕೈಕೊಟ್ಟ ದಿನ ಟೈರ್‌ಗೆ ಗಾಳಿ ಹಾಕುವ ಪಂಪಿನಿಂದಲೇ ತುಂಬಿ ಗಾಡಿ ಎಬ್ಬಿಸಬಹುದು. ನಿಧಾನ ಆಗುತ್ತದೆ, ಟೋ ಟ್ರಕ್ ಬರುವುದಕ್ಕಿಂತ ಬೇಗ.