ಕ್ವಿಕ್ ಹಿಚ್ ಹಾಕಿದ ಮೇಲೆ ರೋಟವೇಟರ್ ಕಟಕಟ ಅನ್ನುತ್ತಿದೆ, ಕಲ್ಟಿವೇಟರ್ ಕೂರುತ್ತಲೇ ಇಲ್ಲ

ಅಡಿಕೆತೋಟ_27
ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನಗಿರಿ ಕಡೆ ಅಡಿಕೆ ತೋಟ, 27 ಎಚ್‌ಪಿ ಮಿನಿ ಟ್ರ್ಯಾಕ್ಟರ್. ರೋಟವೇಟರ್ ಬಿಚ್ಚಿ ಕಲ್ಟಿವೇಟರ್ ಹಾಕುವುದು ಅಂದರೆ ನಮ್ಮನೆಯಲ್ಲಿ ಒಂದು ಜಗಳಕ್ಕೆ ಮುಹೂರ್ತ ಇಟ್ಟ ಹಾಗೆ. ಅಪ್ಪ ಸೀಟಿನ ಮೇಲೆ ಕೂತು ಒಂದಿಂಚು ಹಿಂದೆ, ಅರ್ಧ ಇಂಚು ಮುಂದೆ ಅಂತ ಅಲ್ಲಾಡಿಸುತ್ತಾರೆ, ನಾನು ಹಿಂದೆ ನಿಂತು ಉಪಕರಣ ಸಿಗಿಸುವ ಲಿಂಕ್ ತೋಳನ್ನು ಕಾಲಲ್ಲಿ ಒದೆಯುತ್ತಿರುತ್ತೇನೆ. ಅದಕ್ಕೇ ಯೂಟ್ಯೂಬಿನಲ್ಲಿ ಅಮೆರಿಕದ ವಿಡಿಯೋ ಒಂದನ್ನು ನೋಡಿ, ಅದರಲ್ಲಿ ಹೇಳಿದ ಅಳತೆ ಬರೆದುಕೊಂಡು, ಇಲ್ಲೇ ವೆಲ್ಡಿಂಗ್ ಶಾಪಿನಲ್ಲಿ ಕ್ವಿಕ್ ಹಿಚ್ ಫ್ರೇಮ್ (ಟ್ರ್ಯಾಕ್ಟರಿನ ಹಿಂದಿನ ಲಿಂಕುಗಳಿಗೆ ಹಾಕುವ ಕೊಕ್ಕೆ ಚೌಕಟ್ಟು, ಉಪಕರಣದ ಪಿನ್ನುಗಳು ಅದರಲ್ಲಿ ಬಂದು ಕೂರುತ್ತವೆ) ಮಾಡಿಸಿದೆ. ತೂಕ ಸುಮಾರು 30 ಕೆಜಿ.

ಈಗ ನೋಡಿದರೆ ಮೂರು ತೊಂದರೆ. ರೋಟವೇಟರಿನ ಟಾಪ್ ಪಿನ್‌ಗೆ ಫ್ರೇಮಿನ ಮೇಲಿನ ಕೊಕ್ಕೆ ಸಿಗಲಿಲ್ಲ, ಶಾಪಿನವನು ಮಾಸ್ಟಿಗೆ (ಟಾಪ್ ಪಿನ್ ಕೂರುವ ಎತ್ತರದ ಚೌಕಟ್ಟಿಗೆ) ಒಂದು ಪಟ್ಟಿ ವೆಲ್ಡ್ ಮಾಡಿ ಹೇಗೋ ಸಿಗಿಸಿಕೊಟ್ಟ. ಕಲ್ಟಿವೇಟರ್ ಅಂತೂ ಕೂರುವುದೇ ಇಲ್ಲ. ಎರಡನೆಯದು, ರೋಟವೇಟರ್ ನೆಲದ ಮೇಲೆ ಓಡುವಾಗ ಸಣ್ಣಗೆ ಕಟಕಟ, ಸಾಲಿನ ಕೊನೆಯಲ್ಲಿ ಎತ್ತಿದರೆ ಇಡೀ ಗಾಡಿ ನಡುಗುತ್ತದೆ. ಮೂರನೆಯದು, ಬದು ಹತ್ತುವಾಗ ಮುಂದಿನ ಚಕ್ರ ಹಗುರ ಆಗುತ್ತದೆ, ಮೊದಲು ಹೀಗಿರಲಿಲ್ಲ. ಫ್ರೇಮ್ ಗುಜರಿಗೆ ಹಾಕಿಬಿಡು ಅಂತ ಅಪ್ಪ ಹೇಳುತ್ತಿದ್ದಾರೆ. ಏನು ಮಾಡಲಿ?

ಲೇತ್_ಮಾವ
ತಮ್ಮಾ, ಗುಜರಿಗೆ ಹಾಕಬೇಡ, ಇರು. ಮೊದಲು ಟೇಪು ಹಿಡಿದು ಮೂರು ಅಳತೆ ಹಾಕು. ಫ್ರೇಮಿನ ಕೆಳಗಿನ ಕೊಕ್ಕೆಯಿಂದ ಮೇಲಿನ ಕೊಕ್ಕೆಗೆ ಎಷ್ಟು ಎತ್ತರ. ರೋಟವೇಟರಿನಲ್ಲಿ ಕೆಳಗಿನ ಪಿನ್ನಿನ ಮಧ್ಯದಿಂದ ಟಾಪ್ ಲಿಂಕ್, ಅಂದರೆ ಮೇಲಿನ ತೋಳು, ಕೂರುವ ತೂತಿಗೆ (ವೆಲ್ಡ್ ಮಾಡಿದ ಪಟ್ಟಿಗಲ್ಲ, ಕಂಪನಿ ತೂತಿಗೆ) ಎಷ್ಟು. ಆಮೇಲೆ ಕೆಳಗಿನ ಪಿನ್ನಿನ ದಪ್ಪ, ಅದು ಕೂರುವ ಕೊಕ್ಕೆಯ ಬಾಯಿ ಎಷ್ಟಗಲ. ಕಟಕಟಕ್ಕೆ ಕಾರಣ ಅಲ್ಲೇ ಇರಬೇಕು ಅಂತ ನನ್ನ ಗುಮಾನಿ. ಪಿನ್ನಿಗೆ ಬುಷ್ ಹಾಕಿಸಿದ್ದೀಯಾ?

ಅಡಿಕೆತೋಟ_27
ಮಾವ, ಬುಷ್ ಯಾವುದು? ಯಾರೂ ಹೇಳಲೇ ಇಲ್ಲ. ಅಳತೆ ಇಲ್ಲಿದೆ: ಕೊಕ್ಕೆಯಿಂದ ಕೊಕ್ಕೆಗೆ ಸರಿಯಾಗಿ 15 ಇಂಚು. ರೋಟವೇಟರಿನಲ್ಲಿ 18, ಕಲ್ಟಿವೇಟರಿನಲ್ಲೂ 18 ಚಿಲ್ಲರೆ. ಪಿನ್ 22 ಎಂಎಂ, ಕೊಕ್ಕೆ ಬಾಯಿ 37 ಎಂಎಂ.

ಲೇತ್_ಮಾವ
ನೋಡಿದೆಯಾ, ಎರಡು ರೋಗ ಅಲ್ಲೇ ಸಿಕ್ಕಿತು.

ಅಮೆರಿಕದಲ್ಲಿ ಕ್ವಿಕ್ ಹಿಚ್‌ಗೆ ಅಂತಲೇ ಬೇರೆ ಅಳತೆ ಇದೆ. ಒಂದನೇ ಕೆಟಗರಿಗೆ (ನಿನ್ನದರಂಥ ಸಣ್ಣ ಟ್ರ್ಯಾಕ್ಟರಿನ ಹಿಚ್ ಅಳತೆ) ಎತ್ತರ 15 ಇಂಚು. ಪಿನ್ನಿನ ಮೇಲೆ ಬುಷ್, ಅಂದರೆ ದಪ್ಪ ಕೊಳವೆ ತುಂಡು, ಏರಿಸಿ ಹೊರಗಿನ ದಪ್ಪವನ್ನು 36.5 ಎಂಎಂ ಮಾಡಿಕೊಳ್ಳುತ್ತಾರೆ, ಆಗ ಅದು ಕೊಕ್ಕೆಯಲ್ಲಿ ಬಿಗಿಯಾಗಿ ಕೂರುತ್ತದೆ. ನಮ್ಮ ಕಡೆ ರೋಟವೇಟರ್, ಕಲ್ಟಿವೇಟರ್‌ಗಳಲ್ಲಿ ಮಾಸ್ಟ್ ಎತ್ತರ ಸಾಮಾನ್ಯವಾಗಿ 460 ಎಂಎಂ, ಅಂದರೆ ನಿನ್ನ 18 ಇಂಚು. ವಿಡಿಯೋದವನದು ತಪ್ಪಲ್ಲ, ಶಾಪಿನವನದೂ ತಪ್ಪಲ್ಲ. ಅವನ ಊರಿನ ಅಂಗಿಯನ್ನು ನೀನು ನಿನ್ನ ಎತ್ತಿಗೆ ತೊಡಿಸಿದ್ದೀಯ ಅಷ್ಟೇ.

ಆ ಪಟ್ಟಿಯನ್ನು ಕತ್ತರಿಸಿ ತೆಗೆಸು. ಇಂಪ್ಲಿಮೆಂಟಿಗೆ (ಹಿಂದೆ ಸಿಗಿಸುವ ಉಪಕರಣಕ್ಕೆ) ಯಾವತ್ತೂ ತೇಪೆ ಹಾಕಬಾರದು, ಫ್ರೇಮನ್ನು ಸರಿ ಮಾಡಬೇಕು. ಮೇಲಿನ ಕೊಕ್ಕೆಯನ್ನು ಬಿಚ್ಚಿಸಿ, ದಪ್ಪ ಪ್ಲೇಟಿಗೆ ಬೋಲ್ಟಲ್ಲಿ ಕೂರಿಸಿ, 15 ಇಂಚಿಗೊಂದು 18 ಇಂಚಿಗೊಂದು ತೂತು ಕೊಡಿಸು. ಕೆಳಗಿನ ಪಿನ್ನುಗಳಿಗೆ ಒಳಗೆ 22, ಹೊರಗೆ 36.5 ಬುಷ್ ತಿರುಗಿಸಿಕೋ, ಲೇತಿನಲ್ಲಿ ಅರ್ಧ ಗಂಟೆ ಕೆಲಸ. ಬುಷ್ ಆಚೆ ಅದು ಜಾರದಂತೆ ತಡೆಯುವ ಲಿಂಚ್ ಪಿನ್ ಮರೆಯಬೇಡ. ಕೊಕ್ಕೆಯಲ್ಲಿ 15 ಎಂಎಂ ಸಡಿಲ ಇಟ್ಟುಕೊಂಡು ಓಡಿಸಿದರೆ ಲಾಕ್ ಕೂಡ ಪೂರ್ತಿ ಬೀಳುವುದಿಲ್ಲ, ಬದು ಮೇಲೆ ಹಾರಿದಾಗ ಇಡೀ ರೋಟವೇಟರ್ ಕೆಳಗೆ ಬಿದ್ದೀತು.

ಮಲ್ನಾಡ್_ಅಕ್ಕ
ಮಾವನ ಮಾತು ಒಪ್ಪುತ್ತೇನೆ, ಆದರೆ ಎತ್ತಿದಾಗ ನಡುಗುವುದು ಬುಷ್‌ದಲ್ಲ ಅನ್ನಿಸುತ್ತದೆ. ಅದು ಪಿಟಿಓ ಶಾಫ್ಟಿನ (ಇಂಜಿನ್ನಿನ ತಿರುಗುವ ಶಕ್ತಿಯನ್ನು ರೋಟವೇಟರಿಗೆ ಕೊಡುವ ದಂಡ, ಒಂದರೊಳಗೊಂದು ಜಾರುವ ಎರಡು ಕೊಳವೆ) ಕತೆ.

ಕ್ವಿಕ್ ಹಿಚ್ ಹಾಕಿದರೆ ಇಂಪ್ಲಿಮೆಂಟ್ ಸುಮಾರು 4 ಇಂಚು ಹಿಂದಕ್ಕೆ ಹೋಗುತ್ತದೆ. ಶಾಫ್ಟ್ ಮಾತ್ರ ಹಳೆಯದೇ. ಆ 4 ಇಂಚನ್ನು ಅದು ಎಲ್ಲಿಂದ ತರಬೇಕು? ಒಳಗಿನ ಕೊಳವೆ ಹೊರಗಿನದರಿಂದ ಜಾರಿ ಈಚೆ ಬರುತ್ತದೆ. ತುದಿಯಲ್ಲಿ ಮಾತ್ರ ಹಿಡಿದುಕೊಂಡು ನಿಮಿಷಕ್ಕೆ 540 ಸುತ್ತು ತಿರುಗಿದರೆ ಕಟಕಟ ಅನ್ನದೆ ಇನ್ನೇನು ಮಾಡುತ್ತದೆ.

ಹೀಗೆ ಪರೀಕ್ಷೆ ಮಾಡಿ. ಇಂಜಿನ್ ಆಫ್, ಕೀ ಜೇಬಿನಲ್ಲಿ. ರೋಟವೇಟರ್ ನೆಲದ ಮೇಲಿರಲಿ. ಹೊರಗಿನ ಕೊಳವೆ ಮುಗಿಯುವ ಕಡೆ ಒಳಗಿನದರ ಮೇಲೆ ಸೀಮೆಸುಣ್ಣದಲ್ಲಿ ಗೀರು ಹಾಕಿ. ಶಾಫ್ಟ್ ಬಿಚ್ಚಿ ಎಳೆದು, ಗೀರಿನಿಂದ ತುದಿಗೆ ಅಳೆಯಿರಿ. ಆಮೇಲೆ ಪೂರ್ತಿ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಇನ್ನೊಮ್ಮೆ. ಟ್ರ್ಯಾಕ್ಟರಿನ ಶಾಫ್ಟು, ರೋಟವೇಟರಿನ ಶಾಫ್ಟು ಎರಡೂ ಒಂದೇ ಮಟ್ಟಕ್ಕೆ ಬರುವ ನಡುವಿನ ಎತ್ತರದಲ್ಲಿ ಮತ್ತೊಮ್ಮೆ, ಯಾಕೆಂದರೆ ಸಾಮಾನ್ಯವಾಗಿ ಶಾಫ್ಟ್ ಅತಿ ಗಿಡ್ಡ ಆಗುವುದು ಅಲ್ಲಿ. ಅತಿ ಉದ್ದ ಇದ್ದಾಗಲೂ ಕೊಳವೆಯ ಮೂರನೇ ಒಂದು ಭಾಗದಷ್ಟಾದರೂ ಒಳಗಿರಬೇಕು. ಅತಿ ಗಿಡ್ಡ ಇದ್ದಾಗ ಒಂದಿಂಚಾದರೂ ಜಾಗ ಉಳಿಯಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸಿಗೇ ಗುದ್ದುತ್ತದೆ.

ಇನ್ನೊಂದು, ಕೇಳದಿದ್ದರೂ ಹೇಳುತ್ತೇನೆ. ಅಡಿಕೆ ಬೇರು ಮೇಲೇ ಹರಡಿರುತ್ತದೆ, ಗಿಡದ ಬುಡಕ್ಕೆ ರೋಟವೇಟರ್ ತೆಗೆದುಕೊಂಡು ಹೋಗಬೇಡಿ. ನಮ್ಮ ಮನೆಯವರು ಒಂದು ವರ್ಷ ಆ ಸಾಹಸ ಮಾಡಿದರು, ಆಮೇಲೆ ಸುಮ್ಮನಾದರು.

ಅಡಿಕೆತೋಟ_27
ಅಕ್ಕಾ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಗೀರು ಹಾಕಿ ಎಳೆದೆ, ನೆಲದ ಮೇಲಿದ್ದಾಗ ಒಳಗಿದ್ದದ್ದು ಎರಡೂಕಾಲು ಇಂಚು! ಪೂರ್ತಿ ಎತ್ತಿದಾಗ ಇನ್ನೂ ಕಮ್ಮಿ. ಒಳಗಿನ ಕೊಳವೆಯ ತುದಿ ಹೊಸ ಬಿಳಿ ಲೋಹದ ಹಾಗೆ ಹೊಳೆಯುತ್ತಿತ್ತು, ಮೂಲೆಗಳು ಸವೆದು ದುಂಡಗಾಗಿವೆ. ಈಗ ಶಾಪಿನವನು ಮಧ್ಯೆ ಒಂದು ತುಂಡು ಸೇರಿಸಿ ವೆಲ್ಡ್ ಮಾಡಿಕೊಡುತ್ತೇನೆ ಅನ್ನುತ್ತಿದ್ದಾನೆ, 300 ರೂಪಾಯಿಗೆ.

ಲೇತ್_ಮಾವ
ಬೇಡ ಬೇಡ ಬೇಡ. ನಾನೇ ಲೇತ್ ಅಂಗಡಿಯವನು, ನಾನೇ ಬೇಡ ಅನ್ನುತ್ತಿದ್ದೇನೆ. ಕೂದಲೆಳೆಯಷ್ಟು ಸೊಟ್ಟ ವೆಲ್ಡ್ ಆದರೂ ಆ ವೇಗದಲ್ಲಿ ಒದರುತ್ತದೆ, ಬಿಟ್ಟುಕೊಂಡರೆ ಚಾಟಿಯ ಹಾಗೆ ಬೀಸುತ್ತದೆ. ಒಳಗಿನದು ಹೊರಗಿನದು ಎರಡೂ ಉದ್ದದ ಕೊಳವೆ ಹೊಸದಾಗಿ ತಂದು, ಹಳೆಯ ಯೋಕು ಕ್ರಾಸುಗಳಿಗೆ (ಶಾಫ್ಟಿನ ತುದಿಯ ಕವಲು, ಅದು ಬಾಗಲು ಬಿಡುವ ಶಿಲುಬೆಯಾಕಾರದ ಕೀಲು) ಹಾಕಿಸು. ಉದ್ದ ಜಾಸ್ತಿ ಆದರೆ ಎರಡನ್ನೂ ಸಮ ಸಮ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ ಗ್ರೀಸ್ ಹಾಕಬೇಕು. ಜೋಡಿಸುವಾಗ ಎರಡೂ ತುದಿಯ ಯೋಕು ಒಂದೇ ನೇರಕ್ಕಿರಲಿ. ಪ್ಲಾಸ್ಟಿಕ್ ಕವರನ್ನು ಕಿತ್ತು ಮೂಲೆಗೆ ಎಸೆದಿದ್ದರೆ ಹುಡುಕಿ ಮತ್ತೆ ಹಾಕು. ಪಂಚೆ, ಟವೆಲ್ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಟೈಮೇ ಸಿಗುವುದಿಲ್ಲ.

ಮಲ್ನಾಡ್_ಅಕ್ಕ
ಶಾಫ್ಟ್ ಸರಿ ಮಾಡಿದ ಮೇಲೂ ಪೂರ್ತಿ ಎತ್ತಿದರೆ ಸ್ವಲ್ಪ ಒದರಬಹುದು, ಆಗ ಗಾಬರಿ ಬೇಡ. ಕ್ರಾಸು ಎರಡು ಕಡೆಯೂ ಒಂದೇ ಕೋನದಲ್ಲಿ ಬಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ತಿಂದುಹಾಕುತ್ತದೆ. ಒಂದು ಕಡೆ ಜಾಸ್ತಿ ಬಾಗಿದರೆ ನಡುಕ. ಅದಕ್ಕೆ ಕೆಲಸ ಮಾಡುವ ಮಟ್ಟದಲ್ಲಿ ರೋಟವೇಟರಿನ ಗೇರ್‌ಬಾಕ್ಸ್ ಶಾಫ್ಟು ಟ್ರ್ಯಾಕ್ಟರಿನ ಶಾಫ್ಟಿಗೆ ಸಮಾನಾಂತರ ಬರುವ ಹಾಗೆ ಟಾಪ್ ಲಿಂಕ್ ತಿರುಗಿಸಿಕೊಳ್ಳಿ. ಸಾಲಿನ ಕೊನೆಯಲ್ಲಿ ಬ್ಲೇಡ್ ನೆಲ ಬಿಡುವಷ್ಟು ಎತ್ತಿದರೆ ಸಾಕು. ಅದಕ್ಕಿಂತ ಎತ್ತಬೇಕಾದರೆ ಪಿಟಿಓ ಆಫ್ ಮಾಡಿ.

ಮುಂದಿನ ಚಕ್ರ ಹಗುರ ಆಗುವುದಕ್ಕೆ ಕಾರಣವೂ ಅದೇ 4 ಇಂಚು, ಜೊತೆಗೆ ನಿಮ್ಮ ಫ್ರೇಮಿನ 30 ಕೆಜಿ. ಮುಂದೆ ವೇಟ್ ಹಾಕಿಸಿ, ಬದುವನ್ನು ನೇರವಾಗಿ ನಿಧಾನಕ್ಕೆ ಹತ್ತಿ, ಆಗ ರೋಟವೇಟರ್ ಕೆಳಗೇ ಇರಲಿ.

ಅಡಿಕೆತೋಟ_27
ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಮಳೆ ಹಿಡಿದುಕೊಂಡಿತ್ತು. ಕೊಕ್ಕೆ 18ಕ್ಕೆ ಏರಿಸಿದೆ, ಪಟ್ಟಿ ಕತ್ತರಿಸಿದೆ, ನಾಲ್ಕು ಬುಷ್ ಮಾಡಿಸಿದೆ, ಕೊಳವೆ ಹೊಸದು. ನೆಲದ ಮೇಲೆ ಸದ್ದೇ ಇಲ್ಲ. ಪೂರ್ತಿ ಎತ್ತಿದರೆ ಅಕ್ಕ ಹೇಳಿದ ಹಾಗೆ ಸ್ವಲ್ಪ ನಡುಕ ಇದೆ, ಈಗ ಅಷ್ಟು ಎತ್ತುವುದೇ ಇಲ್ಲ.

ಕಲ್ಟಿವೇಟರ್ ಮಾತ್ರ ಒಂದು ಕಡೆ ಕೂತು ಇನ್ನೊಂದು ಕಡೆ ಕೂರಲಿಲ್ಲ. ಅಳೆದರೆ ಅದರ ಎಡಗಡೆ ಪಿನ್ ಎಂದೋ ಕಲ್ಲಿಗೆ ಹೊಡೆದು ಬಗ್ಗಿದೆ. ಹಳೆಯ ಲಿಂಕಿನ ಗುಂಡು ಅತ್ತಿತ್ತ ವಾಲಾಡುತ್ತದೆ, ಹಾಗಾಗಿ ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ. ಪಿನ್ ಬದಲಾಯಿಸಿದೆ, ಟಕ್ ಅಂತ ಲಾಕ್ ಬಿತ್ತು. ಅಪ್ಪ ಸೀಟಿನಿಂದ ಇಳಿದು ಬಂದು ಲಾಕನ್ನು ಎರಡು ಸಲ ಎಳೆದು ನೋಡಿದರು. ಏನೂ ಹೇಳಲಿಲ್ಲ. ಸಂಜೆ ನೋಡಿದರೆ ಒಬ್ಬರೇ ರೋಟವೇಟರ್ ಬಿಚ್ಚಿ ಕಲ್ಟಿವೇಟರ್ ಹಾಕಿಕೊಂಡು ಪಕ್ಕದ ತೋಟದವರಿಗೆ ತೋರಿಸುತ್ತಿದ್ದರು.